ಹಲ್ಲುಪಟ್ಟಿ ದಾರಿ

4 ಮಾರ್ಚ್ 1991

ಪ್ರೀತಿಯ ಚಿಟ್ಟೆಗೆ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕುಶಲ. ನಿನ್ನ ಸೈಕಲ್ಲನ್ನು ಗೋಡೆಯ ಕೊಕ್ಕೆಯಿಂದ ಇಳಿಸಿದ್ದೇನೆ. ನಿನ್ನನ್ನು ಕೇಳಿ ಇಳಿಸಬೇಕಿತ್ತು, ಗೊತ್ತು. ಆದರೆ ಪತ್ರ ಹೋಗಿ ಪತ್ರ ಬರುವಷ್ಟರಲ್ಲಿ ನನ್ನ ಧೈರ್ಯ ಇಳಿದುಹೋಗುತ್ತಿತ್ತು. ನಿಮ್ಮಣ್ಣ "ಚಿಟ್ಟೆ ಏನೂ ಅನ್ಕೊಳಲ್ಲ, ತಗೋ" ಅಂದರು. ಹಾಗಾಗಿ ಬೈಯುವುದಿದ್ದರೆ ಅರ್ಧ ಅವರಿಗೂ ಹಂಚು.

ನಿನ್ನೆ ಭಾನುವಾರ ಜಲಾಶಯ ಸುತ್ತಿದೆವು. ಇಡೀ ಮೂವತ್ತೆಂಟು ಕಿಲೋಮೀಟರು! ಹತ್ತು ವರ್ಷದಿಂದ ಶಾಲಾ ಸಮವಸ್ತ್ರ ಹೊಲಿಯುತ್ತ ಕೂತವಳು ನಾನು. ಹೊಲಿಗೆ ಯಂತ್ರದ ಪೆಡಲು ಬಿಟ್ಟರೆ ಬೇರೆ ಪೆಡಲು ಈ ಕಾಲುಗಳಿಗೆ ಗೊತ್ತೇ ಇರಲಿಲ್ಲ. ಪಂಪ್‌ಹೌಸ್ ದಾಟುವವರೆಗೂ ರಾಣಿಯ ಹಾಗೆ ಹೋದೆ. ಅಲ್ಲಿಂದ ಮುಂದೆ ಜಲ್ಲಿ ರಸ್ತೆ ಬಂತು, ನನ್ನ ರಾಣಿಗಿರಿ ಮುಗಿಯಿತು. ಎರಡು ಸಲ ಚೈನು ಕಳಚಿತು. ಒಂದು ನಾಯಿ ನನ್ನ ಜೊತೆ ಸ್ವಲ್ಪ ದೂರ ಓಡಿ, ಇವಳಿಗಿಂತ ನಿಧಾನ ಹೋಗಲು ತನ್ನಿಂದಾಗದು ಅನ್ನಿಸಿತೋ ಏನೋ, ನನ್ನನ್ನು ಬಿಟ್ಟು ಮುಂದೆ ಹೋಯಿತು. ಕೊನೆಗೆ ಅಣೆಕಟ್ಟಿಗೆ ವಾಪಸು ಬರಲು ನಾಲ್ಕು ಗಂಟೆ ಹತ್ತು ನಿಮಿಷ ಹಿಡಿದಿತ್ತು. ನಿಮ್ಮಣ್ಣ ಗಡಿಯಾರ ನೋಡಿದರು. ಆಮೇಲೆ ಮೆಲ್ಲಗೆ, "ಚಿಟ್ಟೇದು ಒಂದು ಗಂಟೆ ಐವತ್ತು" ಅಂದರು.

ಈಗ ಒಂದು ಗುಟ್ಟಿನ ಪ್ರಶ್ನೆ. ಆ ಸೀಟಿನ ಮೇಲೆ ಅಷ್ಟು ಹೊತ್ತು ನೀನು ಕೂರುತ್ತಿದ್ದುದಾದರೂ ಹೇಗೆ ಮಾರಾಯ್ತಿ? ಚಡ್ಡಿಯ ಒಳಗೆ ಮೆತ್ತೆ ಇಡುತ್ತಾರಂತಲ್ಲ, ಅದರ ಅಳತೆ ಕಳಿಸು. ಇವತ್ತು ನಿಂತುಕೊಂಡೇ ಬಟ್ಟೆ ಕತ್ತರಿಸಿದೆ, ನಿಂತುಕೊಂಡೇ ಊಟ ಮಾಡಿದೆ. ಈ ಪತ್ರವನ್ನೂ ಕಟಿಂಗ್ ಮೇಜಿನ ಮುಂದೆ ನಿಂತೇ ಬರೆಯುತ್ತಿದ್ದೇನೆ.

ಸೀಟನ್ನು ನಾಲ್ಕು ಬೆರಳು ಇಳಿಸಬೇಕಾಯಿತು. ನಿನ್ನ ಕಾಲಿನ ಉದ್ದ ನನಗೆಲ್ಲಿಂದ ಬರಬೇಕು?

ನಿನ್ನ ಅತ್ತಿಗೆ


13 ಮಾರ್ಚ್ 1991

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಸೈಕಲ್ಲು ತುಳಿದದ್ದಕ್ಕೆ ನನ್ನ ಅಭ್ಯಂತರವೇನೂ ಇಲ್ಲ. ವಸ್ತು ಇರುವುದೇ ಬಳಸುವುದಕ್ಕೆ.

ಕೆಲವು ವಿಷಯ ಮಾತ್ರ ಗಮನಿಸಬೇಕು. ಸೀಟಿನ ಕಂಬಿಯ ಮೇಲೆ ನಾನು ಮೊಳೆಯಲ್ಲಿ ಗೀಚಿದ ಗೆರೆ ಒಂದಿದೆ. ಇಳಿಸುವಾಗ ಅದು ಅಳಿಸಿಲ್ಲ ತಾನೆ? ಚೈನಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ, ಅದು ತೀರಾ ತೆಳು, ಅಣ್ಣನಿಗೆ ಗೊತ್ತಿರುತ್ತದೆ. ಮೆತ್ತೆಯ ವಿಷಯ ನನಗೆ ಗೊತ್ತಿಲ್ಲ. ನಾನು ಯಾವತ್ತೂ ಇಟ್ಟುಕೊಂಡಿರಲಿಲ್ಲ.

ಇನ್ನೊಂದು ಮಾತು. ನಿಮಗೆ ಪಂಪ್‌ಹೌಸ್ ಮೊದಲೇ ಸಿಕ್ಕಿತೆಂದು ಬರೆದಿದ್ದೀರಿ. ಅಂದರೆ ನೀವು ಉಲ್ಟಾ ಸುತ್ತಿದ್ದೀರಿ. ನೀರು ಯಾವಾಗಲೂ ಎಡಗೈಗೆ ಇರಬೇಕು. ಹಾಗೆ ಹೋದರೆ ಜಲ್ಲಿ ರಸ್ತೆ ಇಳಿಜಾರಿಗೆ ಸಿಗುತ್ತದೆ, ಕೊನೆಯ ಐದು ಕಿಲೋಮೀಟರು ಗಾಳಿ ಬೆನ್ನಿಗಿರುತ್ತದೆ. ಇದು ಅಣ್ಣನೇ ಮಾಡಿದ ನಿಯಮ. ಹದಿನೆಂಟು ವರ್ಷ ನಾವು ಒಂದು ಸಲವೂ ಮುರಿಯಲಿಲ್ಲ. ಅವನು ನಿಮಗೆ ಹೇಳಲಿಲ್ಲವೆ? ಹೇಳಿಯೂ ನೀವು ಕೇಳಲಿಲ್ಲವೆ?

ನಾನು ಆರಾಮ. ಇಲ್ಲಿಯ ನೆಲ ಇಸ್ತ್ರಿ ಮಾಡಿದ ಬಟ್ಟೆಯಂತೆ ಸಪಾಟು. ಉಪ್ಪಿನ ಕಾರ್ಖಾನೆಯ ಪ್ರಯೋಗಾಲಯದ ಕಿಟಕಿಗಳಿಗೆ ದಿನವೂ ಬಿಳಿಯ ಪೊರೆ ಕಟ್ಟುತ್ತದೆ. ಮೇಜಿನ ಖಾನೆ ಎಳೆದರೆ ಕರಕರ ಅನ್ನುತ್ತದೆ. ನಾನೂ ಇಲ್ಲೊಂದು ಸೈಕಲ್ಲು ತೆಗೆದುಕೊಂಡಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಸಮುದ್ರದ ರಸ್ತೆಯಲ್ಲಿ ಐವತ್ತು ಕಿಲೋಮೀಟರು ಹೊಡೆಯುತ್ತೇನೆ. ಏರಿಲ್ಲದ ಊರಾದ್ದರಿಂದ ಕಷ್ಟವೇನಿಲ್ಲ.

ಅಣ್ಣ ಯಾಕೆ ಬರೆಯುವುದಿಲ್ಲ? ಮೂರು ತಿಂಗಳಾಯಿತು. ಹೊಸ ಜೊತೆಗಾರ್ತಿಗೆ ದಾರಿ ತೋರಿಸುವುದರಲ್ಲಿ ಪುರಸೊತ್ತಿಲ್ಲದಿರಬಹುದು.

ನಿಮ್ಮ ನಾದಿನಿ


25 ಮಾರ್ಚ್ 1991

ಪ್ರೀತಿಯ ಚಿಟ್ಟೆಗೆ,

ನಿನ್ನ ಪತ್ರ ಓದಿದೆ. ಕಾರ್ಖಾನೆಯ ನೋಟೀಸು ಬಂತೇನೋ ಅಂದುಕೊಂಡೆ. ಗೆರೆ ಅಳಿಸಿಲ್ಲ, ಭದ್ರವಾಗಿದೆ. ನಿನ್ನ ಗೆರೆಗಳು ಅಷ್ಟು ಸುಲಭಕ್ಕೆ ಅಳಿಸುವಂಥವಲ್ಲ ಬಿಡು.

ಉಲ್ಟಾ ಸುತ್ತುವ ವಿಷಯ ನಿಮ್ಮಣ್ಣನಿಗೆ ಓದಿ ಹೇಳಿದೆ. "ಅವಳ ಲೆಕ್ಕ ಅವಳಿಗೆ. ನೀನು ನಾನು ಹೇಳಿದ ಹಾಗೇ ಹೋಗು" ಅಂದರು. ಹಾಗಾಗಿ ನೀರು ಇನ್ನೂ ನನ್ನ ಬಲಗೈಗೇ ಇದೆ. ನಿನ್ನೆಯದು ಎರಡು ಗಂಟೆ ಐವತ್ತೈದು ನಿಮಿಷ. ಹಳೇ ಕಂಬಳಿ ಕತ್ತರಿಸಿ ಮೆತ್ತೆ ಹೊಲಿದುಕೊಂಡಿದ್ದೇನೆ. ನಡೆಯುವಾಗ ಬಾತುಕೋಳಿಯ ಹಾಗೆ ಕಾಣುತ್ತೇನೆ, ಕೂತಾಗ ಮಾತ್ರ ಸ್ವರ್ಗ.

ನೀನು ಏನನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಂತಿದೆ, ನಾನೂ ಒಂದು ಮಾತು ಬರೆದುಬಿಡುತ್ತೇನೆ. ನಮ್ಮ ನಡುಮನೆಯ ಗೋಡೆಯ ಮೇಲೆ ಏಳು ಫೋಟೋ ಇವೆ. ಏಳರಲ್ಲೂ ನೀನು, ನಿಮ್ಮಣ್ಣ, ಎರಡು ಸೈಕಲ್ಲು. ನಮ್ಮ ಮದುವೆಯ ಫೋಟೋ ಬೀರುವಿನ ಮೇಲೆ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ಚೌಕಟ್ಟು ಒಡೆದಿದೆ, ಸರಿ ಮಾಡಿಸಬೇಕು ಅನ್ನುತ್ತಲೇ ಹನ್ನೊಂದು ತಿಂಗಳಾಯಿತು. ನಾನು ಚಹಾ ಹಾಕಿದರೆ "ಚಿಟ್ಟೆ ಶುಂಠಿ ಜಾಸ್ತಿ ಹಾಕ್ತಿದ್ಲು". ನಾನು ಏರು ಹತ್ತಿದರೆ "ಚಿಟ್ಟೆ ಇಲ್ಲಿ ನಿಂತು ತುಳೀತಿದ್ಲು". ನೀನು ಇಷ್ಟು ದೂರ ಹೋದಮೇಲೂ ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದಿರುವವಳು ನೀನೇ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಮೇ ತಿಂಗಳೊಳಗೆ ಹಲ್ಲುಪಟ್ಟಿಯ ಹಳೇ ರೈಲುದಾರಿ ಹತ್ತುತ್ತೇನೆ. ನಿಮ್ಮಣ್ಣನ ರಿಪೇರಿ ಅಂಗಡಿಗೆ ಬರುವವರೆಲ್ಲ ನಗುತ್ತಿದ್ದಾರೆ: ಎಂಜಿನ್ನಿಗೇ ಹಲ್ಲುಗಾಲಿ ಕಟ್ಟಿ, ಹಳಿಯ ನಡುವೆ ಹಲ್ಲಿನ ಪಟ್ಟಿ ಕೂರಿಸಿ ಕಚ್ಚಿ ಕಚ್ಚಿ ಹತ್ತಿಸಬೇಕಾದ ಬೆಟ್ಟ, ಇವಳು ಹತ್ತುತ್ತಾಳಂತೆ ಅಂತ. ನಗಲಿ. ರೈಲು ನಿಂತು ಇಪ್ಪತ್ತು ವರ್ಷ ಆಯಿತು, ನನಗಿನ್ನೂ ಉಸಿರಿದೆ.

ಮತ್ತೆ ಹೊಸದೇನಿಲ್ಲ. ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದು ಹೆಚ್ಚುಕಡಿಮೆ ಬಿಟ್ಟಿದ್ದೇವೆ. ನಿನ್ನ ಕಾರ್ಖಾನೆ ಮುಚ್ಚಿದರೆ ನಮ್ಮನ್ನು ದೂರಬೇಡ.

ನಿಮ್ಮಣ್ಣನ ಕೈಲೂ ಒಂದು ಸಾಲು ಬರೆಸಿದ್ದೇನೆ, ಕೆಳಗೆ ನೋಡು.

ನಿನ್ನ ಅತ್ತಿಗೆ

ಚಿಟ್ಟೆ, ಚೆನ್ನಾಗಿದೀನಿ. ಕೆಲಸ ಜಾಸ್ತಿ. ಅಣ್ಣ.


5 ಏಪ್ರಿಲ್ 1991

ಪೂಜ್ಯ ಅತ್ತಿಗೆಯವರಿಗೆ,

ಅಣ್ಣನ ಸಾಲು ನೋಡಿದೆ. ನಾಲ್ಕು ಪದ. ಓಡುವ ಬಸ್ಸಿನಲ್ಲಿ ಕೂತು ಬರೆದ ಹಾಗೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ತಂಗಿಗೆ ನಾಲ್ಕು ಪದ ಬರೆಯಲು ಕುರ್ಚಿಯ ಮೇಲೆ ಕೂರುವಷ್ಟು ವ್ಯವಧಾನವೂ ಅವನಿಗಿಲ್ಲ. ಸಂತೋಷ.

ಉಪ್ಪಿನ ಮಾತಿನ ಕೊಂಕು ಅರ್ಥವಾಯಿತು. ನನ್ನ ಅನ್ನದ ಕೆಲಸ ನಿಮಗೆ ತಮಾಷೆ. ಆದರೆ ಒಂದು ತಿಳಿದಿರಲಿ: ಅಣ್ಣನಿಗೆ ಊಟದಲ್ಲಿ ಉಪ್ಪು ಮುಂದಾಗಿಯೇ ಬೇಕು. ಚಿಕ್ಕಂದಿನಿಂದಲೂ ಹಾಗೇ. ನಿಮಗೆ ಸಪ್ಪೆ ರುಚಿಯೆಂದು ಅವನ ನಾಲಿಗೆಗೂ ಬರೆ ಹಾಕಬೇಡಿ.

ಇನ್ನು ಹಲ್ಲುಪಟ್ಟಿ. ಅದು ನಿಮಗೆ ಬರಿಯ ಕಡಿದಾದ ರಸ್ತೆ. ಮೊದಲ ಸಲ ಹತ್ತಿದಾಗ ನನಗೆ ಹದಿನಾಲ್ಕು ವರ್ಷ, ಅಣ್ಣನಿಗೆ ಹದಿನೆಂಟು. ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು. ಒಂದು ಬೆಳಗ್ಗೆ ಅಣ್ಣ, "ಏಳು, ಇಲ್ಲಿದ್ರೆ ನಾವೂ ಮೂಗರಾಗ್ತೀವಿ" ಅಂದ. ಹಳಿ ಕಿತ್ತ ಹೊಸತು. ಮರದ ಅಡ್ಡಪಟ್ಟಿಗಳು ಇನ್ನೂ ಇದ್ದವು. ತುಳಿದದ್ದಕ್ಕಿಂತ ನೂಕಿದ್ದೇ ಹೆಚ್ಚು. ಮೊದಲ ಸುರಂಗದಲ್ಲಿ ನಾನು ಹೆದರಿ ಅತ್ತೆ. ಅವನು ತನ್ನ ಸೈಕಲ್ಲನ್ನು ಗೋಡೆಗೆ ಒರಗಿಸಿ, ನನ್ನದನ್ನು ನೂಕಿಕೊಂಡು, ಒಂದು ಕೈಯಲ್ಲಿ ನನ್ನನ್ನು ಹಿಡಿದು ಆಚೆ ದಾಟಿಸಿ, ಮತ್ತೆ ವಾಪಸು ಹೋಗಿ ತನ್ನದನ್ನು ತಂದ. ಮೂರು ಸುರಂಗಕ್ಕೂ ಹಾಗೇ ಮಾಡಿದ. ಮೇಲಿನ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತು, "ಇದು ನಮ್ಮಿಬ್ಬರ ದಾರಿ ಕಣೇ, ಬೇರೆ ಯಾರನ್ನೂ ಇಲ್ಲಿಗೆ ಕರ್ಕೊಂಡ್ ಬರಲ್ಲ" ಅಂದ. ಹುಡುಗುತನದ ಮಾತೇ ಇರಬಹುದು. ನಾನು ಅದನ್ನು ಹಿಡಿದುಕೊಂಡೇ ಬೆಳೆದೆ.

ನಿಮಗೆ ಅವನು ಇದ್ದಾನೆ, ಮನೆ ಇದೆ, ಅವನ ಊಟದ ಹೊತ್ತು, ನಿದ್ದೆಯ ಹೊತ್ತು ಎಲ್ಲ ಇದೆ. ಒಂಬತ್ತು ಕಿಲೋಮೀಟರು ಕಲ್ಲುದಾರಿಯನ್ನಾದರೂ ನನಗೆ ಬಿಡಬಹುದಿತ್ತು.

ದಯವಿಟ್ಟು ನನ್ನ ಸೈಕಲ್ಲನ್ನು ಇದ್ದ ಜಾಗಕ್ಕೆ ನೇತುಹಾಕಿ. ನಾನು ಬರುವವರೆಗೆ ಯಾರೂ ಮುಟ್ಟುವುದು ಬೇಡ.

ನಿಮ್ಮ ನಾದಿನಿ


29 ಏಪ್ರಿಲ್ 1991

ಅತ್ತಿಗೆಯವರಿಗೆ,

ನನ್ನ ಏಪ್ರಿಲ್ ಐದರ ಪತ್ರ ತಲುಪಿರಬೇಕು. ಉತ್ತರವಿಲ್ಲ. ಸಿಟ್ಟಾಗಿದ್ದರೆ ಸಿಟ್ಟೆಂದೇ ಬರೆಯಬಹುದು. ಮುಖ ಊದಿಸಿಕೊಳ್ಳುವುದು ಇಷ್ಟು ದೂರಕ್ಕೆ ಕಾಣುವುದಿಲ್ಲ.

ಬರೆದದ್ದರಲ್ಲಿ ಒಂದೆರಡು ಮಾತು ಹೆಚ್ಚಾಗಿರಬಹುದು. ಒಂದೆರಡು ಮಾತ್ರ.

ಚಿಟ್ಟೆ


11 ಮೇ 1991

ಅತ್ತಿಗೆ,

ಇವತ್ತು ಮ್ಯಾನೇಜರನ್ನು ಕಾಡಿ ಬೇಡಿ ಅವರ ಕೋಣೆಯ ಫೋನಿನಿಂದ ಅಣ್ಣನ ರಿಪೇರಿ ಅಂಗಡಿಯ ಪಕ್ಕದ ಬಣ್ಣದ ಅಂಗಡಿಗೆ ಕರೆ ಮಾಡಿದೆ. ಗರಗರ ಸದ್ದಿನ ನಡುವೆ ಕೇಳಿಸಿದ್ದು ಇಷ್ಟೇ: "ಅವರ ಅಂಗಡಿ ಬಾಗ್ಲು ಹಾಕಿ ತಿಂಗಳಾಯ್ತಲ್ಲಮ್ಮ, ನಿಮಗೆ ಗೊತ್ತಿಲ್ವಾ?" ಅಷ್ಟರಲ್ಲಿ ಲೈನು ಕಡಿದುಹೋಯಿತು.

ನನಗೆ ಏನು ಗೊತ್ತಿಲ್ಲ? ಅಣ್ಣ ಎಲ್ಲಿ? ಬೈಯಿರಿ, ಹರಿದು ಹಾಕಿ, ಏನು ಬೇಕಾದರೂ ಮಾಡಿ. ಒಂದು ಸಾಲು ಬರೆಯಿರಿ.

ಚಿಟ್ಟೆ


14 ಮೇ 1991

ಚಿಟ್ಟೆ,

ನಿನ್ನ ಏಪ್ರಿಲ್ ಕೊನೆಯ ಪತ್ರ ಕೈಯಲ್ಲಿದೆ. ಇಷ್ಟು ದಿನ ಬರೆಯದಿದ್ದದ್ದು ಮುಖ ಊದಿಸಿಕೊಂಡಲ್ಲ. ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ, ಅದಕ್ಕೆ. ಇವತ್ತು ಬರೆಯುತ್ತಿದ್ದೇನೆ. ನಿಮ್ಮಣ್ಣನಿಗೆ ಕೊಟ್ಟ ಮಾತನ್ನು ಮುರಿದು ಬರೆಯುತ್ತಿದ್ದೇನೆ.

ಜನವರಿಯಲ್ಲಿ ಅವರು ಅಣೆಕಟ್ಟಿನ ರಸ್ತೆಯಲ್ಲಿ ಬಿದ್ದರು. ಗುಂಡಿ ಇರಲಿಲ್ಲ, ಗಾಡಿ ಅಡ್ಡ ಬರಲಿಲ್ಲ. "ರಸ್ತೇನೇ ಮಗುಚಿಕೊಳ್ತು" ಅಂದರು. ಕಿವಿಯ ಒಳಗಿನ ಕಾಯಿಲೆಯಂತೆ. ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು. ಇದ್ದಕ್ಕಿದ್ದಂತೆ ನೆಲ, ಗೋಡೆ, ಸೂರು ಎಲ್ಲ ತಿರುಗಲು ಶುರುವಾಗುತ್ತದೆ, ವಾಂತಿಯಾಗುತ್ತದೆ, ಗಂಟೆಗಟ್ಟಲೆ ಮಂಚ ಹಿಡಿದು ಮಲಗಿರುತ್ತಾರೆ. ಪೂರ್ತಿ ವಾಸಿಯಾಗುವಂಥದ್ದಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬಹುದು ಅಂದರು ಡಾಕ್ಟರು. ಸೈಕಲ್ಲು ಕೂಡದು. ಉಪ್ಪು ತೀರಾ ಕಡಿಮೆ ಮಾಡಬೇಕು. ಕೊಂಕು ಅಂದೆಯಲ್ಲ, ಅದು ಇದು. ಅಕ್ಷರ ಒಂದರ ಮೇಲೊಂದು ಬಿದ್ದವು ಅಂದೆಯಲ್ಲ, ಅದೂ ಇದೇ. ಆ ನಾಲ್ಕು ಪದಕ್ಕೆ ಅರ್ಧ ಗಂಟೆ ಹಿಡಿಯಿತು.

"ಚಿಟ್ಟೆಗೆ ಹೇಳ್ಬೇಡ. ಕೆಲಸ ಬಿಟ್ಟು ಓಡಿ ಬರ್ತಾಳೆ. ಅವಳು ಬಡ್ತಿ ಸಿಕ್ಕಿ ಹೋದವಳು" ಅಂತ ಕೈ ಹಿಡಿದು ಆಣೆ ಹಾಕಿಸಿಕೊಂಡರು.

ಫೆಬ್ರವರಿಯಲ್ಲಿ ಭಾನುವಾರ ಬಂತೆಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕೊಕ್ಕೆಯ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ನಾನೇ ಹೇಳಿದೆ: "ನಾನು ಹೋಗ್ತೀನಿ, ನೀವು ದಾರಿ ಹೇಳಿ." "ಸುತ್ತಿದೆವು" ಎಂದು ನಾನು ಬರೆದದ್ದು ಸುಳ್ಳಲ್ಲ. ಕಾಲು ನನ್ನದು, ಬಾಯಿ ಅವರದು. ಬಸ್ಸಿನಲ್ಲಿ ಬಂದು ಅಣೆಕಟ್ಟಿನ ಕಾವಲುಗಾರನ ಕೋಣೆಯಲ್ಲಿ ಗಡಿಯಾರ ಹಿಡಿದು ಕೂರುತ್ತಾರೆ. ಉಲ್ಟಾ ಯಾಕೆ ಕಳಿಸುತ್ತಾರೆ ಗೊತ್ತೆ? ಪಂಪ್‌ಹೌಸಿನ ಕಡೆಯ ದಂಡೆ ಆ ಕಿಟಕಿಗೆ ಕಾಣುತ್ತದೆ. ಆರು ಕಿಲೋಮೀಟರಿನವರೆಗೆ ನನ್ನ ಮೇಲೆ ಅವರ ಕಣ್ಣಿರುತ್ತದೆ. ನಿನ್ನ ಕಡೆಯಿಂದ ಹೋದರೆ ಎರಡೇ ನಿಮಿಷಕ್ಕೆ ಮರೆಯಾಗುತ್ತೇನೆ.

ಆದರೆ ನಾನು ತಿರುಗಿ ಬಂದಾಗ ದಾರಿ ಹೇಗಿತ್ತು ಅಂತ ಒಂದು ದಿನವೂ ಕೇಳಲಿಲ್ಲ. ಎಷ್ಟು ಹೊತ್ತು ಅಂತ ಪುಸ್ತಕದಲ್ಲಿ ಬರೆದುಕೊಂಡು, ನಿನ್ನ ಹೊತ್ತು ಹೇಳಿ, ಎದ್ದುಬಿಡುತ್ತಾರೆ. ನಾನು ಎಷ್ಟು ತುಳಿದರೂ ಅವರ ಕಣ್ಣಿಗೆ ನಿನ್ನ ನೆರಳು ಅಷ್ಟೇ. ಹೊಟ್ಟೆ ಉರಿಯದೆ ಏನಾಗುತ್ತದೆ ಹೇಳು?

ನಿನ್ನ ಏಪ್ರಿಲ್ ಐದರ ಪತ್ರವನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಸೂಜಿ ಹುಡುಕುವಾಗ ಅವರಿಗೆ ಸಿಕ್ಕಿತು. ನಾನು ಬಟ್ಟೆ ಕೊಡಲು ಹೊರಗೆ ಹೋಗಿದ್ದೆ. ಓದಿದವರು, ಸ್ಟೂಲು ಹಾಕಿಕೊಂಡು ನಿನ್ನ ಸೈಕಲ್ಲನ್ನು ಕೊಕ್ಕೆಗೆ ಹಾಕಲು ಹತ್ತಿದ್ದಾರೆ. ತಲೆ ತಿರುಗಿದೆ. ಯಂತ್ರದ ಮೇಜಿನ ಮೂಲೆ ಹಣೆಗೆ ಬಡಿದಿದೆ. ನಾನು ಬಂದಾಗ ನೆಲದ ಮೇಲೆ ರಕ್ತ, ಪಕ್ಕದಲ್ಲಿ ಸೈಕಲ್ಲು, ಎದೆಯ ಮೇಲೆ ನಿನ್ನ ಪತ್ರ. ಹಣೆಗೆ ಏಳು ಹೊಲಿಗೆ. ಒಂಬತ್ತು ದಿನ ಆಸ್ಪತ್ರೆ. ದಿನಕ್ಕೆ ಸಾವಿರ ಹೊಲಿಗೆ ಹಾಕುವವಳು ನಾನು, ಆ ಏಳನ್ನು ನೋಡಲಾಗಲಿಲ್ಲ.

ಈಗ ಓಡಾಡುತ್ತಿದ್ದಾರೆ, ಗಾಬರಿಯಾಗಬೇಡ. ಗಾಬರಿಯಾಗಲಿ ಅಂತಲೇ ಒಂದು ತಿಂಗಳು ಅಂದುಕೊಳ್ಳುತ್ತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

ಮೊನ್ನೆ ಭಾನುವಾರ ನಿನ್ನ ಮೇಲಿನ ಸಿಟ್ಟಿಗೆ, ಅವರಿಗೂ ಹೇಳದೆ, ಹಲ್ಲುಪಟ್ಟಿ ಹತ್ತಿದೆ. ನೀನು ಕಾಲೂರದೆ ಒಂದು ಗಂಟೆ ನಾಲ್ಕು ನಿಮಿಷಕ್ಕೆ ಹತ್ತಿದ್ದೀಯಂತೆ. ನನಗೆ ಎರಡು ಗಂಟೆ ಇಪ್ಪತ್ತು. ಹನ್ನೊಂದು ಸಲ ಕಾಲೂರಿದೆ. ಮೂರನೇ ಸುರಂಗದ ತಿರುವಿನಲ್ಲಿ ಸೈಕಲ್ಲನ್ನು ಒಗೆದು, ಕಲ್ಲಿನ ಮೇಲೆ ಕೂತು, ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಸುರಂಗ ಅದನ್ನೆಲ್ಲ ನನಗೇ ವಾಪಸು ಹೇಳಿತು. ಎದ್ದು ಮತ್ತೆ ತುಳಿದೆ.

ಮನೆಗೆ ಬಂದು ಹೇಳಿದಾಗ ನಿಮ್ಮಣ್ಣ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ಒಂದು "ಭೇಷ್" ಕೂಡ ಇಲ್ಲ. ನಿನ್ನ ದಾರಿಯನ್ನು ನಾನು ಮೈಲಿಗೆ ಮಾಡಿದೆನೇನೋ.

ನಿನ್ನ ಅತ್ತಿಗೆ


22 ಮೇ 1991

ಅತ್ತಿಗೆ,

ನಿಮ್ಮ ಪತ್ರವನ್ನು ಪ್ರಯೋಗಾಲಯದಲ್ಲಿ ನಿಂತು ಓದಿದೆ. ತಕ್ಕಡಿಯಲ್ಲಿ ಉಪ್ಪಿನ ಮಾದರಿ ಇತ್ತು. ಎಷ್ಟು ತೂಗಿತು ಎಂದು ಸಹಾಯಕಿ ಮೂರು ಸಲ ಕೇಳಿದಳಂತೆ, ನನಗೆ ಕೇಳಿಸಲಿಲ್ಲ.

ಕ್ಷಮಿಸಿ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಕೊಕ್ಕೆಗೆ ಹಾಕಿ ಎಂದು ಬರೆದವಳು ನಾನು. ಅವನು ಹತ್ತಿದ್ದು ನನ್ನ ಮಾತಿಗೆ. ಆ ಏಳು ಹೊಲಿಗೆಯೂ ನನ್ನ ಕೈಯವೇ.

ನೀವು ಎಲ್ಲ ಬಿಚ್ಚಿ ಬರೆದಿರಿ. ನನ್ನ ಪಾಲಿನದನ್ನೂ ಕೇಳಿ. ನನಗೆ ಯಾವ ಬಡ್ತಿಯೂ ಸಿಕ್ಕಿರಲಿಲ್ಲ. ನಿಮ್ಮ ಮದುವೆಯಾಗಿ ಇಪ್ಪತ್ತನೇ ದಿನ, ಒಂದು ಭಾನುವಾರ ಬೆಳಗ್ಗೆ, ನಾನು ಎಂದಿನಂತೆ ಐದೂವರೆಗೆ ಬೂಟು ಕಟ್ಟಿಕೊಂಡು ಹೊಸ್ತಿಲ ಬಳಿ ಕೂತಿದ್ದೆ. ಒಳಗೆ ನೀವಿಬ್ಬರೂ ಏನಕ್ಕೋ ನಗುತ್ತಿದ್ದಿರಿ. ಏಳು ಗಂಟೆಗೆ ಅಣ್ಣ ಬಾಗಿಲು ತೆಗೆದು, "ಅಯ್ಯೋ, ಇವತ್ತು ಭಾನುವಾರ ಅಲ್ವಾ! ಮರೆತೇಬಿಟ್ಟೆ ಕಣೇ" ಅಂದ. ಅಷ್ಟೇ. ಸೋಮವಾರ ನಾನೇ ವರ್ಗಾವಣೆಗೆ ಅರ್ಜಿ ಬರೆದುಕೊಟ್ಟೆ. ಇದಕ್ಕಿಂತ ದೂರದ ಜಾಗ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಸೈಕಲ್ಲೂ ಇಲ್ಲ, ಐವತ್ತು ಕಿಲೋಮೀಟರೂ ಇಲ್ಲ. ಹನ್ನೊಂದು ತಿಂಗಳಿನಿಂದ ಒಂದು ಪೆಡಲು ತುಳಿದಿಲ್ಲ. ಕೋಣೆಯಿಂದ ಪ್ರಯೋಗಾಲಯಕ್ಕೆ ನಾನೂರು ಹೆಜ್ಜೆ, ವಾಪಸು ನಾನೂರು. ನೀವು ಪತ್ರದಿಂದ ಪತ್ರಕ್ಕೆ ಹೊತ್ತು ಇಳಿಸಿಕೊಂಡು ಬರೆಯುವಾಗ ನಾನು ಆ ಅಂಕಿಗಳನ್ನು ಎರಡೆರಡು ಸಲ ಓದಿ ಉರಿದುಹೋಗುತ್ತಿದ್ದೆ.

ಜೂನ್ ಏಳಕ್ಕೆ ಬರುತ್ತೇನೆ. ನಾಲ್ಕು ದಿನದ ರಜೆ. ಅಣ್ಣನಿಗೆ ಮೊದಲೇ ಹೇಳಬೇಡಿ.

ಚಿಟ್ಟೆ


15 ಜೂನ್ 1991

ಅತ್ತಿಗೆ,

ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಕಾಲು ಮಡಿಸಿದರೆ ಬಿಡಿಸಲಾಗದು, ಬಿಡಿಸಿದರೆ ಮಡಿಸಲಾಗದು. ಪಕ್ಕದ ಸೀಟಿನ ಅಜ್ಜಿ, "ಸಂಧಿವಾತಾನಾ ಮಗಳೇ?" ಅಂತ ಕೇಳಿದರು. ಹೌದಜ್ಜಿ ಅಂದೆ.

ಎದುರೆದುರಿಗೆ ಹೇಳಲಾಗದ್ದನ್ನು ಇಲ್ಲಿಂದ ಬರೆಯುತ್ತೇನೆ. ನಮ್ಮ ಮೂವರಿಗೂ ಗೊತ್ತಿರುವ ದಿನವೇ ಆದರೂ, ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಗೊತ್ತಿಲ್ಲ.

ಶನಿವಾರ ಸಂಜೆ ಅಣ್ಣ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ತನ್ನ ಸೈಕಲ್ಲಿನ ಸೀಟನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟನಲ್ಲ, "ಇದನ್ನ ಮತ್ತೆ ಏರಿಸೋ ಅವಸರ ಏನಿಲ್ಲ" ಅಂತ ನಕ್ಕನಲ್ಲ, ಆಗ ನೀವು ಒಲೆಯ ಕಡೆ ತಿರುಗಿ ನಿಂತಿರಿ. ನಾನು ಸ್ಪ್ಯಾನರು ಹಿಡಿದು ಅವನ ಹಣೆಯ ಗಾಯದ ಗುರುತು ನೋಡುತ್ತಿದ್ದೆ.

ಭಾನುವಾರ ಹಲ್ಲುಪಟ್ಟಿಯ ಬುಡದಲ್ಲಿ ನಾನು ನಿಮಗೆ, "ನಿಧಾನಕ್ಕೆ ಬನ್ನಿ, ಸುರಂಗದ ಹತ್ತಿರ ಕಾಯ್ತೀನಿ" ಅಂದೆ. ಎಷ್ಟು ಸೊಕ್ಕು! ಮೊದಲ ಸುರಂಗಕ್ಕೆ ಮುಂಚೆಯೇ ನನ್ನ ಉಸಿರು ಕಿತ್ತುಕೊಂಡಿತು. ಕಬ್ಬಿಣದ ಸೇತುವೆಯ ಮೇಲೆ ಕಾಲೂರಿದೆ. ನನ್ನ ಜೀವಮಾನದಲ್ಲಿ ಆ ದಾರಿಯಲ್ಲಿ ದೊಡ್ಡವಳಾದ ಮೇಲೆ ಊರಿದ ಮೊದಲ ಕಾಲು ಅದು. ಹಿಂದಿನಿಂದ ನಿಮ್ಮ ಚೈನಿನ ಸದ್ದು ಹತ್ತಿರ ಬಂತು, ಪಕ್ಕಕ್ಕೆ ಬಂತು, ಮುಂದೆ ಹೋಯಿತು. ನೀವು ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ. ನನ್ನ ಸೈಕಲ್ಲಿನ ಮೇಲೆ, ಆ ಬಾತುಕೋಳಿ ಚಡ್ಡಿಯಲ್ಲಿ, ನೀವು ಎರಡನೇ ಸುರಂಗದೊಳಗೆ ಮರೆಯಾಗುವುದನ್ನು ನೋಡುತ್ತ ನಿಂತಿದ್ದೆ. ಆ ಗಳಿಗೆಯಲ್ಲಿ ನಿಮ್ಮ ಟೈರು ಪಂಚರ್ ಆಗಲಿ ಅಂತ ಬಯಸಿದೆ. ಇದೂ ನನ್ನದೇ, ಬರೆದಿಟ್ಟಿದ್ದೇನೆ.

ಮೇಲೆ ಅಣ್ಣ ಇದ್ದ. ಹಾಲಿನ ಲಾರಿಯ ಮುಂದಿನ ಸೀಟಿನಲ್ಲಿ ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಬಂದನೆಂದು ಡ್ರೈವರು ಹೇಳಿದ. ಪ್ಲಾಟ್‌ಫಾರ್ಮಿನ ಕಂಬ ಹಿಡಿದು ನಿಂತಿದ್ದ. ನೀವು ನನಗಿಂತ ಹದಿನೆಂಟು ನಿಮಿಷ ಮುಂಚೆ ಬಂದು ಅವನ ಪಕ್ಕದಲ್ಲಿ ಕೂತಿದ್ದಿರಿ. ನಾನು ಸೈಕಲ್ಲು ನೂಕಿಕೊಂಡು ಬಂದೆ. ಯಾರನ್ನು ಮೊದಲು ಮಾತಾಡಿಸುತ್ತಾನೋ ಅಂತ ನಾವಿಬ್ಬರೂ ಕಾಯುತ್ತಿದ್ದೆವು. ಇಲ್ಲ ಅನ್ನಬೇಡಿ, ನಿಮ್ಮ ಮುಖ ನನಗೆ ಕಂಡಿತು.

ಅವನು ಇಬ್ಬರನ್ನೂ ನೋಡಲಿಲ್ಲ. ಹಳಿ ಇದ್ದ ಕಡೆ ನೋಡುತ್ತ, "ಎರಡನೇ ಸುರಂಗದಲ್ಲಿ ನೀರು ಜಿನುಗ್ತಾ ಇದ್ಯಾ?" ಅಂದ.

ನೀವು ಹೌದು ಅಂದಿರಿ, ನಾನು ಇಲ್ಲ ಅಂದೆ. ಆಗಲೇ ಅವನ ಮುಖ ಕಿವುಚಿಕೊಂಡದ್ದು. ಕಂಬಕ್ಕೆ ಹಣೆ ಕೊಟ್ಟು, ನಮಗೆ ಬೆನ್ನು ಮಾಡಿ, "ನಿಮ್ಮಿಬ್ಬರನ್ನೂ ಕಂಡ್ರೆ ಹೊಟ್ಟೆ ಉರಿಯುತ್ತೆ ಕಣ್ರೇ" ಅಂದ. "ಹೆಂಡ್ತಿ ಅಂತ ಇಲ್ಲ, ತಂಗಿ ಅಂತ ಇಲ್ಲ. ಪ್ರತಿ ಭಾನುವಾರ ಅವಳು ಬಂದು ಸೈಕಲ್ ಇಳಿಯೋದನ್ನ ನೋಡಿದ್ರೆ ಕಿತ್ತು ನೀರಿಗೆ ಬಿಸಾಕೋಣ ಅನ್ಸುತ್ತೆ. ದಾರಿ ಹೇಗಿತ್ತು ಅಂತ ಹೇಗೆ ಕೇಳ್ಲಿ? ಹೇಳಿಬಿಟ್ರೆ ಕೇಳೋಕಾಗಲ್ಲ ನನ್ನ ಕೈಲಿ."

ಅತ್ತಿಗೆ, ನಿಮ್ಮ ಕೈ ನನ್ನ ತೋಳನ್ನು ಹಿಡಿದದ್ದು ಆಗ. ಬಹಳ ಗಟ್ಟಿಯಾಗಿ ಹಿಡಿದಿರಿ, ಗುರುತು ಎರಡು ದಿನ ಇತ್ತು. ಅವನು ನನ್ನ ಹೊತ್ತನ್ನು ಹೇಳುತ್ತಿದ್ದದ್ದು ನಿಮ್ಮನ್ನು ನನ್ನ ಜೊತೆ ತೂಗಲಿಕ್ಕಲ್ಲ. ಅದು ಅವನದೂ ಹೊತ್ತು. ನನ್ನ ಪಕ್ಕದಲ್ಲಿ ಅವನೂ ಅದೇ ಒಂದು ಗಂಟೆ ಐವತ್ತು ನಿಮಿಷ ತುಳಿಯುತ್ತಿದ್ದ. ನಾವಿಬ್ಬರೂ ಅವನಿಗಾಗಿ ಕಾಲು ಕೆರೆದು ಕಚ್ಚಾಡಿದೆವು. ಅವನು ಕಿಟಕಿಯ ಹಿಂದೆ ಕೂತು ಒಂದು ದಾರಿಗಾಗಿ ಒಣಗುತ್ತಿದ್ದ.

ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ. ಈ ಸಲ ಹತ್ತಿರದ ಜಾಗಕ್ಕೆ. ಸಿಗಲು ವರ್ಷವಾಗಬಹುದು.

ಚಿಟ್ಟೆ


1 ಜುಲೈ 1991

ಚಿಟ್ಟೆ,

ಟೈರಿಗೆ ಏನೂ ಆಗಿಲ್ಲ, ನಿನ್ನ ಬಾಯಿಗೆ ಅಷ್ಟು ಶಕ್ತಿ ಇಲ್ಲ. ಮತ್ತೆ, ನಾನು ತಿರುಗಿ ನೋಡಲಿಲ್ಲ ಅಂದೆಯಲ್ಲ, ಸುರಂಗದ ಕತ್ತಲೆಗೆ ಹೋದಮೇಲೆ ನೋಡಿದೆ. ನೀನು ಬೆಳಕಿನಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ನಿಲ್ಲಬೇಕು ಅನ್ನಿಸಿತು. ನಿಲ್ಲಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೋದಮೇಲೆ ಎರಡು ವಾರ ನಿಮ್ಮಣ್ಣ ಬಾಯಿ ಬಿಡಲಿಲ್ಲ. ಅಂಗಡಿಯ ಬಾಗಿಲು ಮಾತ್ರ ತೆಗೆದರು. ಕೂತು ಮಾಡುವ ರಿಪೇರಿಗಳನ್ನು ಮಾಡುತ್ತಾರೆ, ಯಂತ್ರ ಎತ್ತುವುದು ನನ್ನ ಕೆಲಸ. ನಿನ್ನೆ ಭಾನುವಾರ ಬೆಳಗ್ಗೆ ನಾನು ಸೈಕಲ್ಲಿಗೆ ಕೈ ಹಾಕಿದರೆ, "ಇವತ್ತು ಬೇಡ. ಚಪ್ಪಲಿ ಬಿಟ್ಟು ಬೂಟು ಹಾಕ್ಕೋ" ಅಂದರು.

ಹಲ್ಲುಪಟ್ಟಿಯ ಬುಡಕ್ಕೆ ಬಸ್ಸಿನಲ್ಲಿ ಹೋದೆವು. ಅವರು ನನ್ನ ಹಿಂದೆ ನಿಂತು, ನನ್ನ ಎರಡೂ ಹೆಗಲ ಮೇಲೆ ಕೈ ಇಟ್ಟು, "ನಡಿ" ಅಂದರು. ನಡೆದೆವು. ಅದು ನಡಿಗೆಯಲ್ಲ ಚಿಟ್ಟೆ, ಹಳೇ ರೈಲಿಗೂ ಅದಕ್ಕಿಂತ ಅವಸರ ಇದ್ದಿರಬೇಕು. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಎರಡು ಸಲ ನೆಲ ತಿರುಗಿತು. ಗೋಡೆಗೆ ಒರಗಿ ಕೂತು ನನ್ನ ಬೆರಳನ್ನು ದಿಟ್ಟಿಸಿ ನೋಡುತ್ತ ಅದು ನಿಲ್ಲುವವರೆಗೆ ಕಾದರು. "ವಾಪಸ್ ಹೋಗೋಣ್ವಾ?" ಅಂದರೆ, "ಸುಮ್ನಿರು, ನನಗಿಂತ ನಿಧಾನ ಯಾರೂ ಇದನ್ನ ಹತ್ತಿಲ್ಲ, ದಾಖಲೆ ಹಾಳ್ಮಾಡ್ಬೇಡ" ಅಂದರು. ದಾರಿಯುದ್ದಕ್ಕೂ ಮಾತು. ಯಾವ ಕಲ್ಲಿನ ಮೇಲೆ ಎಣ್ಣೆಯ ಕಲೆ ಇದೆ, ಎಲ್ಲಿ ಎಂಜಿನ್ನು ನೀರು ಕುಡಿಯಲು ನಿಲ್ಲುತ್ತಿತ್ತು, ಎಲ್ಲ. ಮದುವೆಯಾದಾಗಿನಿಂದ ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಮೊದಲ ಸುರಂಗದ ಬಾಯಿಗೆ ಒಂದು ಗಂಟೆ ಐವತ್ತೆರಡು ನಿಮಿಷ. ನೀವಿಬ್ಬರೂ ಜಲಾಶಯ ಪೂರ್ತಿ ಸುತ್ತುತ್ತಿದ್ದ ಹೊತ್ತಿಗಿಂತ ಎರಡು ನಿಮಿಷ ಜಾಸ್ತಿ. ಅಲ್ಲಿ ಕೂತು ಕಿತ್ತಳೆ ಸುಲಿದು ತಿಂದೆವು. ಮುಂದಿನ ಭಾನುವಾರ ಇನ್ನೂರು ಹೆಜ್ಜೆ ಮುಂದಕ್ಕೆ, ಸುರಂಗದ ಆಚೆ ಬದಿಯವರೆಗೆ ಅಂತ ತೀರ್ಮಾನವಾಗಿದೆ. ನೀನು ವರ್ಗವಾಗಿ ಬರುವಷ್ಟರಲ್ಲಿ ಕಬ್ಬಿಣದ ಸೇತುವೆ ಸಿಕ್ಕರೆ ಪುಣ್ಯ.

ಒಂದು ಮಾತು ನಿನಗೆ ಹೇಳದೆ ಇರಬಾರದು, ಹೇಳಿಬಿಡುತ್ತೇನೆ. ಆ ಹೆಗಲ ಮೇಲಿನ ಕೈಯ ಭಾರ ಹೊತ್ತುಕೊಂಡು ಹತ್ತಿದ ಒಂದು ಗಂಟೆ ಐವತ್ತೆರಡು ನಿಮಿಷದಲ್ಲಿ ನೀನು ನನ್ನ ನೆನಪಿಗೆ ಒಂದು ಸಲವೂ ಬರಲಿಲ್ಲ. ನಿನಗೆ ಹೊಟ್ಟೆಕಿಚ್ಚಾಗಲಿ ಅಂತಲೇ ಬರೆದಿದ್ದೇನೆ.

ಬೇಗ ಬಾ. ಇನ್ನೊಂದು ಹೆಗಲು ಬೇಕು.

ನಿನ್ನ ಅತ್ತಿಗೆ